ಯಾರಿಗೂ ಸೊಪ್ಪು ಹಾಕದ ಪುಟ್ಟತಾಯಮ್ಮ

ಗಾಂಧಿ ಬಜಾರಿನ ಪುಟ್ಟತಾಯಮ್ಮ ಸೊಪ್ಪು ಮಾರುವವರೇ ಆದರೂ, ಬರೀ ‘ಸೊಪ್ಪು ಕೊಡಿ’ ಎಂದರೆ ಕೊಡುತ್ತಿರಲಿಲ್ಲ. ಹೈಸ್ಕೂಲಿಗೆ ಕನ್ನಡ ಟೀಚರಾಗಿ ಹೊಸದಾಗಿ ಸೇರಿದ್ದ ನಾನೂ ಮೊದಲ ದಿನ ಹಾಗೆ ಕೇಳಿ ಬೈಸಿಕೊಂಡೆ.

“ಯಾವ ಸೊಪ್ಪು? ಅದಕ್ಕೊಂದು ಹೆಸರಿಲ್ವಾ? ನಿಮ್ಮನ್ನ ‘ಏ ಹೆಂಗ್ಸೇ’ ಅಂತ ಕರೆದ್ರೆ ತಿರುಗಿ ನೋಡ್ತೀರಾ?”

ಆಮೇಲೆ ತಾವೇ ನಕ್ಕು ಕಟ್ಟುಗಳನ್ನು ಎತ್ತೆತ್ತಿ ತೋರಿಸಿದರು. ದಂಟು, ಸಬ್ಬಸಿಗೆ, ಚಕ್ಕೋತ, ಹೊನಗೊನ್ನೆ. ಎಲೆಗೂ ಸೊಪ್ಪಿಗೂ ಏನು ವ್ಯತ್ಯಾಸವೆಂದು ಒಮ್ಮೆ ಕೇಳಿದೆ.

“ಮರದಲ್ಲಿದ್ರೆ ನುಗ್ಗೆ ಎಲೆ, ಮಡಿಲಿಗೆ ಬಂದ್ರೆ ನುಗ್ಗೆ ಸೊಪ್ಪು. ಬಾಳೆ ಮಾತ್ರ ಯಾವತ್ತೂ ಎಲೇನೇ. ಅದರ ಮೇಲೆ ಉಣ್ತೀವಿ, ಅದನ್ನ ಉಣ್ಣಲ್ವಲ್ಲ!”

ನಿಘಂಟಿನಲ್ಲಿ ನನಗೆ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ದಣಿದು ಹೋದ ಸಂಜೆ, “ಏನ್ ಟೀಚರಮ್ಮ, ಸೊಪ್ಪಾಗ್ಬಿಟ್ಟಿದೀರಾ?” ಎನ್ನುತ್ತ, ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದ ಕೈಯಿಂದಲೇ ನನ್ನ ಮುಖಕ್ಕೂ ಎರಡು ಹನಿ ಹಾರಿಸುತ್ತಿದ್ದರು.

ಒಮ್ಮೆ ಬಜಾರಿನ ರಸ್ತೆ ಅಗೆದರು. ಪುಟ್ಟತಾಯಮ್ಮ ತಿಂಗಳುಗಟ್ಟಲೆ ಬುಟ್ಟಿ ಹೊತ್ತು ಅಡ್ಡರಸ್ತೆಗಳಲ್ಲಿ ಅಲೆದರು. ಕೆಲಸ ಮುಗಿದು ಮರಳಿ ಬಂದರೆ ಅವರ ಜಾಗದಲ್ಲಿ ಐದು ದೊಡ್ಡ ಹೂಕುಂಡಗಳು! ಆ ಜಾಗದ ಹಿಂದೆ ಹೊಸದಾಗಿ ತೆರೆದಿದ್ದ ಬಟ್ಟೆ ಅಂಗಡಿಯ ಮಾಲೀಕರು ಇಡಿಸಿದ್ದವು. ಪುಟ್ಟತಾಯಮ್ಮ ಕುಂಡಗಳ ಮುಂದೆಯೇ ಗೋಣಿತಾಟು ಹಾಸಿದರು.

“ಏಳಮ್ಮ ಮೇಲೆ! ಇಲ್ದಿದ್ರೆ ಎಲ್ಲಾ ಎತ್ತಿ ಬಿಸಾಕಿಸ್ತೀನಿ!” ಎಂದು ಮಾಲೀಕರು ಕೂಗಾಡಿದರು. ಪಕ್ಕದಲ್ಲಿ ನಿಂತಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಪುಟ್ಟತಾಯಮ್ಮ ಮೆಂತ್ಯದ ಬೇರಿನ ಮಣ್ಣು ಕೊಡವುತ್ತಲೇ ಇದ್ದರು.

“ಸ್ವಾಮಿ, ನಿಮ್ಮ ಅಂಗಡಿ ಹುಟ್ಟೋಕ್ಮುಂಚಿಂದ ನಾನಿಲ್ಲಿದೀನಿ. ನಾನು ಸೊಪ್ಪು ಹಾಕೋದು ಗಿರಾಕಿ ಬ್ಯಾಗಿಗೆ. ಜೋರು ಮಾಡೋರಿಗಲ್ಲ!”

ಹೂವಿನವರು, ಹಣ್ಣಿನವರು, ಬಜಾರಿಗೆ ಬಂದ ಹೆಂಗಸರು ಎಲ್ಲರೂ ಗೊಳ್ಳೆಂದು ನಕ್ಕರು. ಅವಮಾನವಾಗಿ ಮಾಲೀಕರು ಮರುದಿನ ಪಾಲಿಕೆಯವರನ್ನೇ ಕರೆಸಿದರು. ಪುಟ್ಟತಾಯಮ್ಮ ಎಲೆಅಡಿಕೆ ಸಂಚಿಯಿಂದ ಬೀದಿ ವ್ಯಾಪಾರಿಯ ಗುರುತಿನ ಚೀಟಿ ತೆಗೆದು ಚಾಚಿದರು. ಬಂದಿದ್ದ ಅಧಿಕಾರಿ ಅದನ್ನು ಓದಿ, ಮಾಲೀಕರ ಕಡೆ ತಿರುಗಿದರು.

“ಇವರದ್ದೇನೋ ಸರಿಯಾಗಿದೆ. ಫುಟ್‌ಪಾತಲ್ಲಿ ಕುಂಡ ಇಡೋಕೆ ನಿಮಗೆ ಯಾರು ಪರ್ಮಿಷನ್ ಕೊಟ್ಟಿದ್ದು?”

ಸಂಜೆಯೊಳಗೆ ಐದೂ ಕುಂಡಗಳು ಅಂಗಡಿಯೊಳಗೆ ಹೋದವು. ಅಂದು ಬಂದವರಿಗೆಲ್ಲ ಪುಟ್ಟತಾಯಮ್ಮ ಹಿಡಿ ಹಿಡಿ ಕೊತ್ತಂಬರಿಯನ್ನು ಪುಕ್ಕಟೆ ಕೊಟ್ಟರು. ನಾನು ಎರಡು ಸಲ ಹೋಗಿ ಇಸಿದುಕೊಂಡೆ.

ಹೋದ ವರ್ಷ ಅವರನ್ನು ಬಜಾರಿನಲ್ಲಿ ಕೊನೆಯ ಸಲ ಕಂಡೆ. ಮಾಗಡಿಯ ಕಡೆ, ಮಗಳ ಊರಿನಲ್ಲಿ, ತಮ್ಮದೇ ಹೆಸರಿಗೆ ಅರ್ಧ ಎಕರೆ ಕೊಂಡಿದ್ದರು.

“ಇಷ್ಟು ವರ್ಷ ಯಾರೋ ಬೆಳೆದಿದ್ದನ್ನ ಮಾರ್ದೆ ಟೀಚರಮ್ಮ. ಇನ್ಮೇಲೆ ನಾನೇ ಬೆಳೀತೀನಿ, ನಾನೇ ತಿಂತೀನಿ.”

“ಮತ್ತೆ ನಮಗೆ?”

“ಬಸ್ಸಿದೆಯಲ್ಲ, ಬನ್ನಿ. ಆದ್ರೆ ಕಿತ್ಕೊಳ್ಳೋದು ನೀವೇ. ನಾನು ಬದು ಮೇಲೆ ಕಾಲು ಚಾಚ್ಕೊಂಡು ಕೂತು ನೋಡ್ತಿರ್ತೀನಿ!”