ಅತ್ತೆಯೂ ನಾನೂ ಕೀನ್ಯಾಕ್ಕೆ ಹೊರಟಾಗ

ಕೀನ್ಯಾಕ್ಕೆ ಹೋಗಬೇಕು ಅಂತ ಮೊದಲು ಹೇಳಿದ್ದು ನಾನಲ್ಲ, ನನ್ನ ಅತ್ತೆ. ತಿಪಟೂರು ಬಿಟ್ಟರೆ ತವರೂರು ಹೊನ್ನವಳ್ಳಿ, ಹೊನ್ನವಳ್ಳಿ ಬಿಟ್ಟರೆ ತಿಪಟೂರು ಎಂದಿದ್ದ ಹೆಂಗಸು. ಟಿವಿಯಲ್ಲಿ ಕಾಡುಪ್ರಾಣಿಗಳನ್ನು ನೋಡಿ ನೋಡಿ ಒಂದು ಸಂಜೆ, "ಆ ಜಿರಾಫೆ ಕಾಲು ಅಗಲಿಸ್ಕೊಂಡು ನೀರು ಕುಡಿಯದನ್ನ ಕಣ್ಣಾರೆ ನೋಡ್ಬೇಕು ಕಣೇ" ಅಂದರು. ಕೊಬ್ಬರಿ ವ್ಯಾಪಾರದ ನನ್ನ ಗಂಡನಿಗೆ ಮಂಡಿ ಅಂಗಡಿ ಬಿಟ್ಟು ಅಲ್ಲಾಡಲು ಆಗುವುದಿಲ್ಲ. "ನೀವಿಬ್ರೇ ಹೋಗ್ಬನ್ನಿ" ಎಂದು ಕೈತೊಳೆದುಕೊಂಡರು.

ಟೂರಿನವನಿಗೆ ಅತ್ತೆ ಫೋನಿನಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಸಿಂಹದ ಬಗ್ಗೆ ಒಂದೂ ಇರಲಿಲ್ಲ. ಎಲ್ಲವೂ ಮೊಟ್ಟೆಯ ಬಗ್ಗೆ. ಬೆಳಗಿನ ತಿಂಡಿಯ ಕಾವಲಿ ಬೇರೆ ಇರುತ್ತಾ? ಬ್ರೆಡ್ಡಿಗೆ ಹಾಕಿರ್ತಾರಾ? ಮಸಾಯಿ ಜನರ ಹಳ್ಳಿಗೆ ಹೋಗಿ ಕುಣಿತ ನೋಡುವ ಕಾರ್ಯಕ್ರಮವೂ ಇತ್ತು. ಅವರು ಹಾಲಿಗೆ ದನದ ರಕ್ತ ಬೆರೆಸಿ ಕುಡಿಯುವುದುಂಟು ಎಂದು ಆತ ಬಾಯಿತಪ್ಪಿ ಹೇಳಿಬಿಟ್ಟ. "ಕುಣಿತ ನೋಡನ. ಮನೆ ಒಳಕ್ ಮಾತ್ರ ನಾ ಬರಲ್ಲ ಕಣಪ್ಪ" ಎಂದು ಅತ್ತೆ ಅಲ್ಲೇ ತೀರ್ಮಾನಿಸಿ, ಹುರಿಹಿಟ್ಟು, ಚಟ್ನಿಪುಡಿ ಮಾಡಲು ಕೂತರು.

ನನಗೆ ಇದೇನೂ ಹೊಸದಲ್ಲ. ಪ್ರೀತಿಸಿ ಮದುವೆಯಾಗಿ ಈ ಮನೆಗೆ ಬಂದವಳು ನಾನು. ತುರುವೇಕೆರೆಯ ನನ್ನ ತವರಿನಲ್ಲಿ ಮೊಟ್ಟೆ, ಕೋಳಿ ಎಲ್ಲ ಸಲೀಸು. ಇದು ಲಿಂಗಪೂಜೆಯ ಮನೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ನಾನಾಗಿಯೇ ಬಿಟ್ಟೆ. ಬಸುರಿಯಾಗಿದ್ದಾಗ ಮಾತ್ರ ಒಂದು ಬೇಯಿಸಿದ ಮೊಟ್ಟೆಗಾಗಿ ಜೀವ ಬಾಯಿಬಾಯಿ ಬಿಡುತ್ತಿತ್ತು. ತವರಿನವರು ಆಗ ಮಾತು ಬಿಟ್ಟಿದ್ದರು. ಅತ್ತೆಯನ್ನು ಕೇಳಲು ನಾಲಿಗೆ ಏಳಲಿಲ್ಲ.

ಪ್ರಯಾಣಕ್ಕೆ ಹಳದಿ ಜ್ವರದ ಲಸಿಕೆ ಹಾಕಿಸಬೇಕೆಂದು ಇಬ್ಬರೂ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ವೈದ್ಯರು ಹೇಳಿದರು: "ಈ ಲಸಿಕೆನ ಕೋಳಿಮೊಟ್ಟೆಯಲ್ಲಿ ಬೆಳೆಸ್ತಾರಮ್ಮ. ಮೊಟ್ಟೆ ಒಗ್ಗದವರಿಗೆ ಕೊಡಲ್ಲ. ಯಾವತ್ತಾದ್ರೂ ತಿಂದಿದ್ದೀರಾ?"

ಮುಗಿಯಿತು ಕಥೆ, ಜಿರಾಫೆಯೂ ಇಲ್ಲ ಗಿರಾಫೆಯೂ ಇಲ್ಲ ಅಂದುಕೊಂಡೆ. ಅತ್ತೆ ಎದ್ದು ನಡೆದೇಬಿಡುತ್ತಾರೆ ಎಂದು, "ನಮ್ಮನೇಲಿ ಮೊಟ್ಟೆ ಮುಟ್ಟಲ್ಲ ಸಾರ್" ಎಂದು ನಾನೇ ಬಾಯಿ ಹಾಕಿದೆ.

"ತಿಂದಿದ್ದೀನಿ ಸಾರ್," ಅಂದರು ಅತ್ತೆ. "ತಿಂಗಳುಗಟ್ಲೆ ತಿಂದಿದ್ದೀನಿ. ಏನೂ ಆಗಿಲ್ಲ. ಹಾಕಿ."

ಸೆರಗು ಸರಿಸಿ ತೋಳು ಕೊಟ್ಟರು, ಚುಚ್ಚಿಸಿಕೊಂಡರು, ಎದ್ದು ಹೊರಗಿನ ಬೆಂಚಿಗೆ ಹೋಗಿ ಕೂತರು. ನಾನು ಬೆಪ್ಪಾಗಿ ನೋಡುತ್ತಲೇ ಇದ್ದೆ. ಆಮೇಲೆ "ಒಂದ್ನಿಮಿಷ ಸಾರ್" ಎಂದು ಹಿಂದೆಯೇ ಓಡಿದೆ.

"ಯಾವಾಗ ತಿಂದ್ರಿ ಅತ್ತೆ?"

"ನಿನ್ ಗಂಡ ಹೊಟ್ಟೇಲಿದ್ದಾಗ. ಮೈಯಲ್ಲಿ ರಕ್ತನೇ ಇಲ್ಲ ಅಂದಿದ್ರು ಆಸ್ಪತ್ರೇಲಿ. ನಮ್ಮತ್ತೆ ದಿನಾ ಕತ್ಲೆಕೋಣೆ ಬಾಗಿಲು ಹಾಕ್ಕೊಂಡು ಹಾಲಿಗೆ ಒಡ್ದಾಕಿ ಕುಡಿಸೋರು."

ಆ ಅಜ್ಜಿಯನ್ನು ನಾನು ಕಂಡಿದ್ದೇನೆ. ಪೂಜೆಯಾಗದೆ ತೊಟ್ಟು ನೀರೂ ಮುಟ್ಟದ ಮನುಷ್ಯೆ! ನನಗೆ ನಂಬಲಾಗಲಿಲ್ಲ. ನಂಬಿಕೆ ಬಂದ ಮೇಲೆ ಸಿಟ್ಟು ಬಂತು, ಕಣ್ಣಲ್ಲಿ ನೀರು ಬರುವಂಥ ಸಿಟ್ಟು.

"ನಾನು ಬಸುರಿಯಾಗಿದ್ದಾಗ ಎಷ್ಟು ಆಸೆಪಟ್ಟೆ ಗೊತ್ತಾ ನಿಮಗೆ?"

"ನೀನು ಕೇಳ್ಲಿಲ್ಲ ಕಣೇ."

"ನೀವೂ ಕೇಳಿರಲ್ಲ. ಆದ್ರೂ ನಿಮ್ಮತ್ತೆ ಕೊಡ್ಲಿಲ್ವಾ?"

ಅತ್ತೆ ತೋಳಿನ ಹತ್ತಿಯನ್ನು ಒತ್ತಿಕೊಂಡರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. "ನಂಗೆ ಗೊತ್ತಾಗಿತ್ತು," ಅಂದರು. "ಪಕ್ಕದ ಮನೇಲಿ ಆಮ್ಲೆಟ್ ಹಾಕ್ದಾಗ ನೀ ಹಿತ್ಲಲ್ಲಿ ಹೋಗಿ ನಿಂತ್ಕತಿದ್ದೆ. ಬೇರೆ ಕಡೆಯಿಂದ ಬಂದ ಸೊಸೆ ಮನೆ ಕೆಡಿಸಿದ್ಳು ಅಂತಾರಲ್ಲ ಅಂತ ಹೆದರ್ಕಂಡೆ. ನಮ್ಮತ್ತೆಗಿದ್ದ ಧೈರ್ಯ ನಂಗಿರ್ಲಿಲ್ಲ."

ಗೊತ್ತಿತ್ತು! ಗೊತ್ತಿದ್ದೂ ಸುಮ್ಮನಿದ್ದರು! ಇವರ ಜೊತೆ ಒಂದೇ ವಿಮಾನದಲ್ಲಿ ಕೂರುವುದು ಬೇಡವೇ ಬೇಡ ಎನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ನರ್ಸ್ ಕರೆದಳು. ಕಾಲು ಎಳೆದುಕೊಂಡು ಹೋಗಿ ಕೂತೆ.

"ನೀವು ಹೇಳಿ ಅಮ್ಮಾ, ಮೊಟ್ಟೆ ತಿಂತೀರಾ?" ವೈದ್ಯರು ಕೇಳಿದರು.

ಏನು ಹೇಳಲಿ? ಬಾಗಿಲು ತೆರೆದೇ ಇತ್ತು. ಬೆಂಚಿನ ತುಂಬ ಜನ. ಅವರೆಲ್ಲರಿಗೂ ಕೇಳಿಸುವಂತೆ ಹೊರಗಿನಿಂದ ಅತ್ತೆಯ ದನಿ ಬಂತು:

"ತಿಂತಾಳೆ ಸಾರ್. ಇನ್ಮೇಲೆ ನಮ್ಮನೇಲೇ ತಿಂತಾಳೆ."