ಮೀಟರ್ ತೋರಿಸಿದ ಸೊನ್ನೆ

2023ರ ದಸರಾ ಹೊತ್ತಿಗೆ ಮೈಸೂರಿನ ರಾಮಕೃಷ್ಣನಗರದಲ್ಲಿ ನಾನು ಸ್ವಂತ ಮೊಬೈಲ್ ಸರ್ವೀಸ್ ಅಂಗಡಿ ತೆರೆದು ಒಂಬತ್ತು ವರ್ಷವಾಗಿತ್ತು. ಅದಕ್ಕೂ ಹಿಂದೆ ಐದು ವರ್ಷ ಒಂದು ಸರ್ವೀಸ್ ಸೆಂಟರಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಈ ಹದಿನಾಲ್ಕು ವರ್ಷದಲ್ಲಿ ಎಷ್ಟು ಫೋನು ಬಿಚ್ಚಿದೆನೋ ಎಣಿಸಿಲ್ಲ. ಕಣ್ಣು ಮುಚ್ಚಿಕೊಂಡು ಬಿಚ್ಚಬಲ್ಲೆ ಎಂಬ ಜಂಬವಂತೂ ಇತ್ತು. ಆ ಜಂಬ ಇಳಿದದ್ದು ಹೇಗೆಂದು ಹೇಳುತ್ತೇನೆ.

ಜಂಬಕ್ಕೆ ಕಾರಣವಿತ್ತು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದವರು. ಬೆಳಗ್ಗೆ ಮನೆಮನೆಗೆ ಹಾಲಿನ ಪ್ಯಾಕೆಟ್ ಹಾಕಿ, ಆಮೇಲೆ ಕಾಲೇಜಿಗೆ ಓಡಿ, ಗಣಿತದ ಪೇಪರನ್ನು ಮೂರನೆಯ ಸಲಕ್ಕೆ ಗೆದ್ದು, ಎಲೆಕ್ಟ್ರಾನಿಕ್ಸ್ ಓದಿ ಬಿ.ಎಸ್ಸಿ. ಮುಗಿಸಿದವನು ನಾನು. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ದೇವರ ಪಟದ ಪಕ್ಕಕ್ಕೇ ತೂಗು ಹಾಕಿದ್ದೇನೆ. ಗಿರಾಕಿಗಳು ಅದನ್ನು ನೋಡಲಿ ಎಂದೇ ಹಾಕಿದ್ದು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಆ ವರ್ಷ ಆಯುಧಪೂಜೆ ಸೋಮವಾರ ಬಂದಿತ್ತು. ಪೂಜೆಗೆ ಅವ್ವನನ್ನು ಅಂಗಡಿಗೆ ಕರೆತಂದಿದ್ದೆ. ಸ್ಕ್ರೂಡ್ರೈವರ್, ಚಿಮುಟ, ಬೆಸುಗೆ ಕಡ್ಡಿ, ಮೀಟರ್, ಪವರ್ ಸಪ್ಲೈ ಪೆಟ್ಟಿಗೆ, ಎಲ್ಲವನ್ನೂ ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿದ್ದೆ. ಅವ್ವ ಮನೆಯಿಂದಲೇ ಗಂಧ ತೇಯ್ದು ತಂದಿದ್ದಳು.

“ಇದ್ಕೂ ಇಡ್ಲಾ ಮಗಾ?” ಎಂದು ಒಂದೊಂದನ್ನೂ ತೋರಿಸಿ ಕೇಳಿದಳು.

“ಎಲ್ಲಕ್ಕೂ ಇಡವ್ವ. ಅನ್ನ ಕೊಡೋದೇ ಅವು.”

ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ ಮುಟ್ಟುವುದಿಲ್ಲ. ಅವೂ ವಿಶ್ರಾಂತಿ ಪಡೆಯಬೇಕು ಎಂಬುದು ನಮ್ಮಲ್ಲಿನ ರೂಢಿ. ಮಂಗಳವಾರ ಜಂಬೂಸವಾರಿ, ಊರಿಗೆ ಊರೇ ರಸ್ತೆಯಲ್ಲಿತ್ತು. ಬುಧವಾರ ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆದು, ಬಾಡಿದ ಹೂವು ಎತ್ತಿ ಹಾಕಿ, ಟೇಬಲ್ ಒರೆಸಿ ಕುಳಿತೆ.

ಆ ದಿನದ ಮೊದಲ ಗಿರಾಕಿ ಪುಟ್ಟಸ್ವಾಮಣ್ಣ. ಐವತ್ತು ದಾಟಿದ ಎಲೆಕ್ಟ್ರಿಷಿಯನ್, ಇಲವಾಲದವರು. ನಮ್ಮ ಅಂಗಡಿಗೆ ವೈರಿಂಗ್ ಮಾಡಿಕೊಟ್ಟವರೂ ಅವರೇ. ಕರವಸ್ತ್ರದಲ್ಲಿ ಸುತ್ತಿದ್ದ ಫೋನನ್ನು ಟೇಬಲ್ಲಿನ ಮೇಲೆ ಇಟ್ಟರು.

“ಸಾರ್, ಇದು ಉಸಿರೇ ಬುಡ್ತಾ ಇಲ್ಲ. ಸೋಮವಾರ ಸಾಯಂಕಾಲ್ದಿಂದ ಇಂಗೇ.”

ಫೋನಿನ ಬೆನ್ನಿನ ಮೇಲೆ ಮೂರು ಗಂಧದ ಪಟ್ಟೆ, ನಡುವೆ ಕುಂಕುಮ. ಚಾರ್ಜಿಂಗ್ ಪಿನ್ ಹಾಕುವ ತೂತಿನೊಳಗೂ ಕೆಂಪು ಮೆತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ.

“ಏನಣ್ಣ, ಫೋನಿಗೂ ಅಭಿಷೇಕ ಮಾಡಿಸ್ಬುಟ್ರಾ?”

“ಕಟಿಂಗ್ ಪ್ಲೇಯರ್, ಡ್ರಿಲ್ ಮಿಷಿನ್ ಜೊತೇಲಿ ಇಟ್ಟಿದ್ದೆ. ನಮ್ಮನೆಯವ್ಳು ತೀರ್ಥ ಚಿಮುಕ್ಸಿದ್ಳು. ನಗ್ಬೇಡಿ ಸಾರ್, ತಲೆ ಕೆಟ್ಟೋಗದೆ.”

ತಲೆ ಕೆಟ್ಟದ್ದಕ್ಕೆ ಕಾರಣ ಫೋನಲ್ಲ, ಅದರೊಳಗಿದ್ದ ಒಂದು ಫೋಟೊ. ಇಲವಾಲದ ಹೊಸ ಬಡಾವಣೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಮನೆ ಕಟ್ಟಿಸಿದ್ದರು. ಅದರ ವೈರಿಂಗ್ ಪುಟ್ಟಸ್ವಾಮಣ್ಣನದು. ಗೃಹಪ್ರವೇಶ ಬರುವ ಭಾನುವಾರ. ಗೀಸರ್ ಕೂರಿಸಿ ನೀರು ಬಿಟ್ಟಾಗ ನಲ್ಲಿಯಲ್ಲಿ ಜುಂ ಎಂದು ಷಾಕ್ ಹೊಡೆದಿತ್ತು. ಪರೀಕ್ಷಿಸಿದರೆ, ಗೀಸರ್ ಪ್ಲಗ್ಗಿನ ಹಸಿರು ತಂತಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ತ್ ವೈರಿಗೆ, ನೆಲದ ಸಂಪರ್ಕವೇ ಇರಲಿಲ್ಲ. ತೋರಿಕೆಗೆ ಒಂದು ತುಂಡು ವೈರ್ ಸಿಕ್ಕಿಸಿ ಮೋಸ ಮಾಡಿದ್ದೀಯ ಎಂದು ಮೇಡಂ ಹೇಳುತ್ತಿದ್ದರು. ವೈರ್ ಪೂರ್ತಿ ಎಳೆದಿದ್ದೇನೆ, ಗೋಡೆಯೊಳಗಿನ ಜಂಕ್ಷನ್ ಬಾಕ್ಸಿನಲ್ಲಿ ಜಾಯಿಂಟ್ ಬಿಟ್ಟಿರಬೇಕು ಎಂದು ಇವರು. ಆ ಬಾಕ್ಸಿನ ಮೇಲೆ ಟೈಲ್ಸ್‌ನವನು ಟೈಲ್ಸ್ ಮೆತ್ತಿಬಿಟ್ಟಿದ್ದ. ಅದು ಎಲ್ಲಿದೆ ಎಂಬುದಕ್ಕೆ ಗುರುತೇ ಇಲ್ಲ.

“ಗಾರೆ ಮಾಡಕ್ಕೆ ಮುಂಚೆ ಪ್ರತಿ ಗೋಡೇದೂ ಫೋಟೊ ತಗೀತೀನಿ ಸಾರ್. ಅಳತೆ ಟೇಪ್ ಇಡ್ದು ತಗೀತೀನಿ. ಎಲ್ಲಾ ಇದ್ರೊಳ್ಗೇ ಅವೆ.”

“ಮೇಡಂಗೆ ಆಗ್ಲೇ ಕಳಿಸ್ಬಾರ್ದಿತ್ತಾ?”

“ಕಳ್ಸಿದ್ದೆ ನಾಕು. ‘ನಿನ್ನ ಗೋಡೆ ಫೋಟೊ ಎಲ್ಲಾ ಹಾಕಿ ನನ್ನ ಫೋನ್ ತುಂಬಿಸಬೇಡಪ್ಪ’ ಅಂದ್ರು. ಬುಟ್ಬುಟ್ಟೆ.”

ಆ ಬೀದಿಯಲ್ಲೇ ಇನ್ನೆರಡು ಮನೆಗಳ ವೈರಿಂಗ್ ಅವರಿಗೆ ಒಪ್ಪಿಗೆಯಾಗಿತ್ತು. ಮೇಡಂ ಒಂದು ಮಾತು ಆಡಿದರೆ ಆ ಎರಡೂ ಹೋಗುತ್ತಿದ್ದವು. ಜೊತೆಗೆ ಮೂವತ್ತು ವರ್ಷದ ಹೆಸರೂ.

ಕೆಲಸ ಶುರು ಮಾಡಿದೆ. ಫೋನ್ ಆನ್ ಆಗದಿದ್ದಾಗ ನಾವು ಹೊರಗಿನಿಂದ ಒಳಕ್ಕೆ ಹೋಗುತ್ತೇವೆ. ಪವರ್ ಬಟನ್ ಮತ್ತು ವಾಲ್ಯೂಮ್ ಬಟನ್ ಎರಡನ್ನೂ ಅರ್ಧ ನಿಮಿಷ ಒತ್ತಿ ಹಿಡಿದೆ. ಸದ್ದಿಲ್ಲ. ಚಾರ್ಜಿಂಗ್ ತೂತಿನ ಕುಂಕುಮವನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದೆ. ಒಳಗಿನ ಪಿನ್ನುಗಳು ತೇವ ಕುಡಿದು ಹಸಿರುಗಟ್ಟಿದ್ದವು. ಚಾರ್ಜರ್ ಹಾಕಿದರೂ ಚಾರ್ಜ್ ಏರಲಿಲ್ಲ. ಹಿಂಬದಿ ಬಿಚ್ಚಿ ಬ್ಯಾಟರಿ ಅಳೆದೆ: 2.9 ವೋಲ್ಟ್. ಪೂರ್ತಿ ಬರಿದು. ಇಲ್ಲಿಯವರೆಗೆ ಎಲ್ಲ ಸರಿಯಾಗೇ ನಡೆಯಿತು. ಚಾರ್ಜಿಂಗ್ ಪಿನ್ ಕೆಟ್ಟಿದೆ, ಬ್ಯಾಟರಿ ಇಳಿದಿದೆ, ಅಷ್ಟೇ ಇರಬೇಕು.

ಅದನ್ನು ಖಚಿತ ಮಾಡಿಕೊಳ್ಳಲು ಬ್ಯಾಟರಿ ತೆಗೆದು ಡಿ.ಸಿ. ಪವರ್ ಸಪ್ಲೈ ಜೋಡಿಸಿದೆ. ಇದು ಬ್ಯಾಟರಿಯ ಬದಲು ನೇರವಾಗಿ ಬೋರ್ಡಿಗೆ ಕರೆಂಟ್ ಕೊಡುವ ಪೆಟ್ಟಿಗೆ. ಫೋನ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅದರ ಮೀಟರ್ ತೋರಿಸುತ್ತದೆ. ಅದರ ಕೆಂಪು ಮತ್ತು ಕಪ್ಪು ವೈರುಗಳ ತುದಿಯಲ್ಲಿ ಮೊಸಳೆ ಬಾಯಿಯಂಥ ಕ್ಲಿಪ್ಪುಗಳಿರುತ್ತವೆ. 4 ವೋಲ್ಟ್ ಇಟ್ಟು ಪವರ್ ಬಟನ್ ಒತ್ತಿದೆ. ಬದುಕಿರುವ ಬೋರ್ಡ್ ಆದರೆ ಅಂಕಿ ಏರಬೇಕು. 0.00 ಎಂದು ತೋರಿಸಿತು. ಬಟನ್ನೇ ಕೆಟ್ಟಿರಬಹುದೆಂದು ಅದರ ಕೆಳಗಿನ ಎರಡು ಬಿಂದುಗಳನ್ನು ಚಿಮುಟದಲ್ಲಿ ಸೇರಿಸಿದೆ. 0.00. ಬೋರ್ಡನ್ನು ತೊಳೆದೆ, ಒಣಗಿಸಿದೆ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಇಂಚಿಂಚೂ ಹುಡುಕಿದೆ. ಒಂದು ಕಲೆ ಇಲ್ಲ, ಸುಟ್ಟ ಗುರುತಿಲ್ಲ. ಮತ್ತೆ ಜೋಡಿಸಿದೆ. ಮತ್ತೆ 0.00.

ಮಧ್ಯಾಹ್ನದ ಊಟ ಬಿಟ್ಟೆ. ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿದೆ. ಚೊಕ್ಕವಾಗಿರುವ ಬೋರ್ಡ್ ಕರೆಂಟನ್ನೇ ಕುಡಿಯುವುದಿಲ್ಲ ಎಂದರೆ ಏನರ್ಥ? ಒಳಗೆ ಕರೆಂಟ್ ಹಂಚುವ ಪವರ್ ಐ.ಸಿ. ಹೋಗಿರಬೇಕು, ಇಲ್ಲವೆ ಬೋರ್ಡಿನ ಪದರಗಳ ನಡುವೆ ಎಳೆ ಕಡಿದಿರಬೇಕು. ಸಿಟ್ಟು ಬಂದು ಚಿಮುಟ ಎಸೆದೆ. ಸಂಜೆ ಐದಕ್ಕೆ ಪುಟ್ಟಸ್ವಾಮಣ್ಣ ಬೇರೆ ಯಾರದೋ ಫೋನಿನಿಂದ ಕರೆ ಮಾಡಿದಾಗ, ಹದಿನಾಲ್ಕು ವರ್ಷದ ಅನುಭವ ಮತ್ತು ಗೋಡೆಯ ಮೇಲಿನ ಸರ್ಟಿಫಿಕೇಟ್ ಎರಡನ್ನೂ ನಂಬಿ ಹೇಳಿದೆ:

“ಬೋರ್ಡ್ ಸತ್ತಿದೆ ಅಣ್ಣ. ಫೋಟೊ ಆಸೆ ಬಿಡಿ.”

“ಬುಡಿ ಸಾರ್. ನೀವೇ ಏಳುದ್ಮೇಲೆ ಇನ್ಯಾರ್ನ ಕೇಳ್ಳಿ” ಎಂದು ಅವರು ಫೋನ್ ಇಟ್ಟರು.

ಗುರುವಾರ ಮಧ್ಯಾಹ್ನ ಅವರು ಬಂದಾಗ ಕೂದಲಿನ ಮೇಲೆಲ್ಲ ಸಿಮೆಂಟಿನ ಬಿಳಿ ಧೂಳು. ಬೆಳಗ್ಗೆ ನೆನಪಿನ ಮೇಲೆ ಅಂದಾಜು ಮಾಡಿ ಗೋಡೆ ಒಡೆದಿದ್ದರು. ಹೊಸ ಟೈಲ್ಸ್ ಮೂರು ಪುಡಿಯಾದವು, ಬಾಕ್ಸ್ ಸಿಗಲಿಲ್ಲ. ಆ ಎರಡು ಮನೆಯ ಮಾಲೀಕರೂ ಅಲ್ಲೇ ನಿಂತು ನೋಡುತ್ತಿದ್ದರಂತೆ.

“‘ಬಾಕ್ಸೂ ಇಲ್ಲ, ವೈರೂ ಇಲ್ಲ. ಇನ್ನೂ ಎಷ್ಟು ಒಡೀತೀಯ, ನಡಿ ಆಚೆಗೆ’ ಅಂತ ಮೇಡಂ ಅಂದ್ರು ಸಾರ್. ಮೂವತ್ತು ವರ್ಸದಲ್ಲಿ ಯಾರೂ ಇಂಗೆ ಅಂದಿರ್ಲಿಲ್ಲ. ಕೊಡಿ ಆ ಫೋನ, ತಗಂಡೋಗಿ ಮೂಲೇಗಾಕ್ತೀನಿ.”

ನನ್ನ ತಪ್ಪಿಲ್ಲ ಎಂದು ತೋರಿಸಬೇಕಿತ್ತು. “ನೀವೇ ನೋಡಿ ಅಣ್ಣ” ಎಂದು ಅವರ ಎದುರಿಗೇ ಬೋರ್ಡನ್ನು ಸಪ್ಲೈಗೆ ಜೋಡಿಸಿ ಬಟನ್ ಒತ್ತಿದೆ. 0.00. “ನೋಡುದ್ರಾ? ಒಂದು ಚೂರೂ ಎಳೀತಿಲ್ಲ.”

ಅವರು ಫೋನ್ ನೋಡಲಿಲ್ಲ, ಸಪ್ಲೈಯನ್ನು ನೋಡಿದರು.

“ಈ ಮಿಷಿನ್ ಸರ್ಯಾಗದಾ ಸಾರ್?”

“ಏನಣ್ಣ ಹಿಂಗಂತೀರಿ? ಕಾಣಲ್ವಾ, 4 ವೋಲ್ಟ್ ತೋರಿಸ್ತಾ ಇದೆ.”

“ತೋರ್ಸೋದಲ್ಲ ಸಾರ್. ನಾವು ಕರೆಂಟ್ ಕೆಲ್ಸದೋರು. ಲೈನಲ್ಲಿ ಕರೆಂಟಿಲ್ಲ ಅಂತ ಟೆಸ್ಟರ್ ಏಳುದ್ರೆ ಅಂಗೇ ನಂಬಲ್ಲ. ಕರೆಂಟ್ ಇರೋ ಪ್ಲಗ್ಗಿಗೆ ಟೆಸ್ಟರ್ ಇಟ್ಟು, ಅದು ಉರೀತದಾ ಅಂತ ಮೊದ್ಲು ನೋಡ್ತೀವಿ. ಸತ್ತಿರೋದು ಲೈನೋ ಟೆಸ್ಟರ್ರೋ ಯಾರಿಗ್ಗೊತ್ತು? ನಂಬ್ಕಂಡು ಕೈ ಹಾಕುದ್ರೆ ನಾವೇ ಓಯ್ತೀವಿ.”

ಮೈ ಉರಿಯಿತು. ಎಲೆಕ್ಟ್ರಾನಿಕ್ಸ್ ಓದಿದವನಿಗೆ ಪಾಠ ಹೇಳುತ್ತಾರಲ್ಲ ಎಂದು. ಅವರ ಬಾಯಿ ಮುಚ್ಚಿಸಲೆಂದೇ ಕೆಂಪು ಕ್ಲಿಪ್ಪಿನ ಬಾಯಿಗೆ ಕಪ್ಪು ಕ್ಲಿಪ್ಪನ್ನು ಕಚ್ಚಿಸಿದೆ. ಎರಡೂ ಸೇರಿದರೆ ಅಂಕಿ ಮಿತಿಯವರೆಗೆ ಜಿಗಿಯಲೇಬೇಕು. ಅದರಲ್ಲಿ ಅನುಮಾನವೇ ಇಲ್ಲ.

0.00.

ಇನ್ನೊಮ್ಮೆ ಕಚ್ಚಿಸಿದೆ. ಅದೇ. ಕೆಂಪು ಕ್ಲಿಪ್ಪನ್ನು ಮೈಕ್ರೋಸ್ಕೋಪಿನ ಕೆಳಗೆ ಹಿಡಿದೆ. ಹಲ್ಲುಗಳ ಸಂದಿಯಲ್ಲೆಲ್ಲ ಮೂರು ದಿನ ಒಣಗಿ ಕಲ್ಲಾದ ಗಂಧ. ಅವ್ವ ಭಕ್ತಿಯಿಂದ ಹೊರಗೂ ಒಳಗೂ ಹಚ್ಚಿದ್ದಳು. ಬುಧವಾರ ಬೆಳಗ್ಗೆ ನಾನು ಪೆಟ್ಟಿಗೆಯ ಮೈ ಒರೆಸಿದ್ದೆ, ಕ್ಲಿಪ್ಪಿನ ಬಾಯಿ ಬಿಡಿಸಿ ನೋಡಿರಲಿಲ್ಲ. ಗಂಧದ ಪದರ ದಾಟಿ ಕರೆಂಟ್ ಹೋಗುವುದಾದರೂ ಹೇಗೆ? ಅವರ ಫೋನಿನ ಕುಂಕುಮ ಕಂಡು ನಕ್ಕಿದ್ದೆನಲ್ಲ, ಆ ನಗು ನೆನಪಾಗಿ ತಲೆ ಎತ್ತಲಾಗಲಿಲ್ಲ.

ಪುಟ್ಟಸ್ವಾಮಣ್ಣ ಬಗ್ಗಿ ನೋಡಿದರು. “ಏನ್ಸಾರ್, ಇಲ್ಲೂ ಅಭಿಷೇಕ ಆಗದಲ್ಲ” ಎಂದರು. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕ್ಲಿಪ್ಪು ಉಜ್ಜಿದೆ. ಜೋಡಿಸಿ ಬಟನ್ ಒತ್ತಿದೆ. 0.08. 0.21. ಅಂಕಿ ಏರಿತು, ಕಂಪನಿಯ ಗುರುತು ಮೂಡಿತು. ಹಿಂದಿನ ದಿನ ನಾನು ಸತ್ತಿದೆ ಎಂದು ಸಾರಿದ್ದ ಫೋನು ಎರಡು ನಿಮಿಷದಲ್ಲಿ ಎದ್ದು ಕುಳಿತಿತು. ಪುಟ್ಟಸ್ವಾಮಣ್ಣ ಲಾಕ್ ತೆಗೆದು ಫೋಟೊ ಹುಡುಕಿದರು. ಸ್ನಾನದ ಮನೆಯ ಇಟ್ಟಿಗೆ ಗೋಡೆ, ಬಾಗಿಲಿನ ಅಂಚಿನಿಂದ ಬಾಕ್ಸಿನವರೆಗೆ ಹಿಡಿದ ಹಳದಿ ಟೇಪು, ಬಾಕ್ಸಿನೊಳಗೆ ಟೇಪು ಸುತ್ತಿದ ಹಸಿರು ತಂತಿ. ಅವರು ಒಡೆದದ್ದಕ್ಕಿಂತ ಒಂದೂವರೆ ಅಡಿ ಎಡಕ್ಕೆ.

ಕೆಟ್ಟ ಚಾರ್ಜಿಂಗ್ ಭಾಗ ಬದಲಾಯಿಸಿ, ಬ್ಯಾಟರಿಗೆ ಸ್ವಲ್ಪ ಜೀವ ತುಂಬಿ, ಅಂಗಡಿ ಬಾಗಿಲು ಎಳೆದು ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಇಲವಾಲಕ್ಕೆ ಹೊರಟೆ. “ನೀವ್ಯಾಕೆ ಸಾರ್, ನಾನೋಯ್ತೀನಿ” ಎಂದರು. ಮೇಡಂ ಮುಂದೆ ತಪ್ಪು ಒಪ್ಪಿಕೊಳ್ಳಬೇಕಾದವನು ನಾನು, ಅವರಲ್ಲ.

ಮೇಡಂ ಗೇಟಿನಲ್ಲೇ ತಡೆದರು. ನಾನು ಯಾರೆಂದು ಹೇಳಿ, ನನ್ನ ಉಪಕರಣವನ್ನು ನಾನೇ ಪರೀಕ್ಷಿಸದೆ ಬೋರ್ಡ್ ಸತ್ತಿದೆ ಎಂದುಬಿಟ್ಟೆ, ಅದಕ್ಕೇ ಗೋಡೆ ಒಡೆಯಬೇಕಾಯಿತು ಎಂದೆ. ಅವರು ಫೋಟೊವನ್ನು ಕನ್ನಡಕ ಏರಿಸಿ ನೋಡಿದರು, ಆಮೇಲೆ ನನ್ನನ್ನು.

“ಏನು ಓದಿದ್ದೀರಿ?”

“ಬಿ.ಎಸ್ಸಿ., ಮೇಡಂ.”

“ಲೆಕ್ಕ ಮಾಡಿದ ಮೇಲೆ ತಾಳೆ ನೋಡಬೇಕು ಅಂತ ನಾವು ಮೂರನೇ ಕ್ಲಾಸಿನಲ್ಲೇ ಹೇಳಿಕೊಡ್ತಿದ್ವಲ್ಲಪ್ಪ.”

ಫೋಟೊದ ಅಳತೆ ಹಿಡಿದು ಪುಟ್ಟಸ್ವಾಮಣ್ಣ ಒಂದೇ ಒಂದು ಟೈಲ್ಸ್ ಒಡೆದರು. ಹಿಂದೆ ಬಾಕ್ಸ್ ಇತ್ತು. ಟೈಲ್ಸ್‌ನವನು ಗಾರೆ ತುರುಕಿದ ರಭಸಕ್ಕೆ ಹಸಿರು ತಂತಿ ಜಾಯಿಂಟಿನಲ್ಲಿ ಕಿತ್ತು ಬಂದಿತ್ತು. ಸೇರಿಸಿ ಬಿಗಿ ಮಾಡಿದರು. ಜೇಬಿನ ಟೆಸ್ಟರನ್ನು ಮೊದಲು ಕರೆಂಟಿರುವ ಪ್ಲಗ್ಗಿಗೆ ಇಟ್ಟು ನನ್ನ ಮುಖ ನೋಡಿದರು, ಆಮೇಲೆ ನಲ್ಲಿಗೆ ಇಟ್ಟರು. ದೀಪ ಹತ್ತಲಿಲ್ಲ. ಮೇಡಂ ತಾವೇ ಹೋಗಿ ಪಕ್ಕದ ಎರಡು ಮನೆಯವರನ್ನು ಕರೆತಂದರು. “ವೈರ್ ಇತ್ತು. ನಾನೇ ಆತುರಪಟ್ಟು ಮಾತಾಡಿದೆ” ಎಂದರು. ಆ ಎರಡು ಮನೆಯ ಕೆಲಸ ಪುಟ್ಟಸ್ವಾಮಣ್ಣನ ಕೈ ತಪ್ಪಲಿಲ್ಲ.

ಟೈಲ್ಸ್ ಮಾತ್ರ ಅದೇ ಬಣ್ಣದ್ದು ಎಲ್ಲಿ ಹುಡುಕಿದರೂ ಸಿಗಲಿಲ್ಲ. ತಂದುಕೊಟ್ಟದ್ದು ನಾನೇ, ಆದರೆ ತುಸು ಮಾಸಲು. ಗೃಹಪ್ರವೇಶದ ದಿನ ಸ್ನಾನದ ಮನೆಗೆ ಇಣುಕಿ ನೋಡಿದೆ. ನಾಲ್ಕು ತೇಪೆ ಎದ್ದು ಕಾಣುತ್ತಿದ್ದವು. ಅದರಲ್ಲಿ ಒಂದು ಹೇಗೂ ಒಡೆಯಲೇಬೇಕಾಗಿದ್ದದ್ದು. ಮಿಕ್ಕ ಮೂರು ನನ್ನವು. ಇವತ್ತಿಗೂ ಅಲ್ಲೇ ಇವೆ.

ಅವ್ವ ಈಗಲೂ ಪ್ರತಿ ಆಯುಧಪೂಜೆಗೆ ಗಂಧ ತೇಯ್ದು ತರುತ್ತಾಳೆ. “ಕ್ಲಿಪ್ಪಿಗೆ ಇಡ್ಲಾ ಬ್ಯಾಡ್ವಾ ಮಗಾ?” ಎಂದು ಕೇಳುತ್ತಾಳೆ. ಹಿಡಿಗೆ ಇಡವ್ವ, ಬಾಯಿಗೆ ಬೇಡ ಎನ್ನುತ್ತೇನೆ. ಬಾಗಿಲು ತೆಗೆದ ದಿನ ಎರಡು ಕ್ಲಿಪ್ಪುಗಳನ್ನು ಒಂದಕ್ಕೊಂದು ಕಚ್ಚಿಸಿ, ಅಂಕಿ ಜಿಗಿಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮೊದಲ ಫೋನು ಮುಟ್ಟುತ್ತೇನೆ. ಎರಡು ಸೆಕೆಂಡಿನ ಕೆಲಸ. ಮೂರು ವರ್ಷದ ಕಾಲೇಜಿನಲ್ಲಿ ಅದನ್ನೂ ಹೇಳಿಕೊಟ್ಟಿದ್ದರು, ನಾನೇ ಮರೆತಿದ್ದೆ. ಮೀಟರು ಸೊನ್ನೆ ತೋರಿಸಿದರೆ, ಆ ಸೊನ್ನೆ ಎದುರಿಗಿರುವ ವಸ್ತುವಿನದೋ ನನ್ನದೋ ಎಂದು ತಿಳಿಯುವವರೆಗೆ ಯಾರಿಗೂ ‘ಸತ್ತಿದೆ’ ಎಂಬ ಮಾತು ಹೇಳಬಾರದು. ಆ ಮಾತು ನಂಬಿ ಎಲ್ಲೋ ಒಂದು ಕಡೆ ಒಬ್ಬರು ಗೋಡೆ ಒಡೆಯುತ್ತಿರುತ್ತಾರೆ.