ಹಿತ್ತಲಿನ ಬುಟ್ಟಿಗೆ ಸರಪಳಿ

...ಇಲ್ಲ, ಹಗ್ಗವೇ ಸಾಕು ಎಂದದ್ದು ನಾನೇ ಇರಬೇಕು. ಇಷ್ಟು ವರ್ಷ ಹಾಗೆಂದೇ ಹೇಳಿಕೊಂಡು ಬಂದಿದ್ದೇನೆ. ಅಷ್ಟಕ್ಕೆ ಅದು ನಿಜವಾಗುವುದಿಲ್ಲ. ಮೊನ್ನೆ ಗೋಕಾಕಿನಲ್ಲಿ ಗೇಟಿಗೆಂದು ಸರಪಳಿ ಕೊಂಡೆ. ಮನೆಗೆ ಬಂದು ಕೈ ತೊಳೆದರೂ ಕಬ್ಬಿಣ, ಎಣ್ಣೆಯ ವಾಸನೆ ಹೋಗಲಿಲ್ಲ. ಆ ವಾಸನೆಯ ಹಿಂದೆ ವೈನಿ ನೆನಪಿಗೆ ಬಂದರು.

ಎರಡು ಸಾವಿರದ ಮೂರೋ ನಾಲ್ಕೋ. ಮೂಡಲಗಿಯಲ್ಲಿ ಶಿಕ್ಷಕಿಯಾಗಿದ್ದ ನಾನು ಬಾಡಿಗೆಗಿದ್ದ ಮನೆಯ ಪಕ್ಕದಲ್ಲೇ ಜೈನ ವ್ಯಾಪಾರಿಗಳ ಮನೆ. ಅಲ್ಲಿಯ ಸೊಸೆಯನ್ನು ಓಣಿಯವರಂತೆ ನಾನೂ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಹುಕ್ಕೇರಿಯಲ್ಲಿ ಓದುವಾಗ ಚಕ್ರ ಎಸೆತದಲ್ಲಿ ಗೆದ್ದವರು. ಮದುವೆಯ ನಂತರ ಬಸದಿ, ಅಡುಗೆಮನೆ, ಹಿತ್ತಲು. ಬೆಳಗ್ಗೆ ನನ್ನ ಜೊತೆ ಶಾಲೆಯ ಮೈದಾನಕ್ಕೆ ಹೋಗಿ ಬರಲೇ ಎಂದು ಒಮ್ಮೆ ಕೇಳಿದ್ದಕ್ಕೆ ಅವರ ಅತ್ತೆ, “ಬಯಲಾಗ ಕೈ ಬೀಸಾಕ ನೀ ಏನ್ ಸಾಲಿ ಹುಡುಗಿ ಏನವಾ?” ಎಂದಿದ್ದರು. ಮಾತು ಅಲ್ಲಿಗೆ ಮುಗಿದಿತ್ತು.

ಪುಣೆಯಲ್ಲಿದ್ದ ವೈನಿಯ ತಮ್ಮ ಅವರಿಗೊಂದು ಎಸೆದು ಆಡುವ ಪ್ಲಾಸ್ಟಿಕ್ ತಟ್ಟೆ ತಂದುಕೊಟ್ಟ. ಜೊತೆಗೆ ಪರದೇಶದ ಪತ್ರಿಕೆಯ ಒಂದು ಹಾಳೆ. ಡಿಸ್ಕ್ ಗಾಲ್ಫ್ ಎಂಬ ಆಟವಂತೆ. ಒಂದು ಕಂಬ, ಸುತ್ತ ಇಳಿಬಿದ್ದ ಸರಪಳಿಗಳು, ಕೆಳಗೆ ಬುಟ್ಟಿ. ಎಸೆದ ತಟ್ಟೆ ಸರಪಳಿಗೆ ಬಡಿದು ಬುಟ್ಟಿಯಲ್ಲಿ ಬೀಳಬೇಕು. ಅಂಥದೊಂದು ವೈನಿಗೆ ಬೇಕಾಯಿತು. ಅಗ್ಗವಾಗಿರಬೇಕು, ಹಗುರಾಗಿರಬೇಕು, ಅತ್ತೆ ಬಸದಿಯಿಂದ ಬರುವಷ್ಟರಲ್ಲಿ ಬಿಚ್ಚಿ ಕಾಳಿನ ಕೋಣೆಯಲ್ಲಿ ಅಡಗಿಸುವಂತಿರಬೇಕು.

ಹಲ್ಲಿನ ಡಾಕ್ಟರ ನೆಪ ಮಾಡಿ ಗೋಕಾಕಿಗೆ ಹೋದೆವು. ಆಟದ ಸಾಮಾನಿನ ಅಂಗಡಿಯವ ಹಾಳೆ ನೋಡಿ ಬ್ಯಾಸ್ಕೆಟ್‌ಬಾಲ್ ರಿಂಗು ತೋರಿಸಿದ. ಬೆಲೆ ಕೇಳಿ ಹೊರಬಂದೆವು. ಗುಜರಿಯಲ್ಲಿ ನೆಲದ ಮೇಲೆ ನಿಲ್ಲಿಸುವ ಕೆಟ್ಟ ಫ್ಯಾನೊಂದರ ಉದ್ದ ಕಂಬ ಸಿಕ್ಕಿತು, ತಲೆಯ ಜಾಳಿಗೆಯೂ ಸೇರಿ. ಬಿದಿರಿನ ಬುಟ್ಟಿ ಸಂತೆಯಲ್ಲಿತ್ತು. ಜಾಳಿಗೆಯಿಂದ ಇಳಿಬಿಡಲು ಏನು? ಹಗ್ಗ ಸದ್ದು ಮಾಡುವುದಿಲ್ಲ, ಆದರೆ ತಟ್ಟೆಯನ್ನು ತಡೆಯುವುದೂ ಇಲ್ಲ. ಸರಪಳಿ ತಡೆಯುತ್ತದೆ, ಆದರೆ ಸದ್ದು ಮಾಡುತ್ತದೆ...

“ಎಮ್ಮಿಗೇನ್ರಿ, ಆಕಳಿಗೇನ್ರಿ?” ಎಂದ ಸರಪಳಿಯ ಅಂಗಡಿಯವ.

“ನನಗ್ರಿ,” ಎಂದರು ವೈನಿ.

ಅವನು ನಕ್ಕ. ವೈನಿ ನನ್ನ ನೆನಪಿನಲ್ಲಿ ಒಮ್ಮೆ ನಗುತ್ತಾರೆ, ಒಮ್ಮೆ ಇಲ್ಲ.

ಆ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಒಲೆ ಆರಿಸಿ ಅತ್ತೆ ಬಸದಿಯ ಆರತಿಗೆ ಹೋದರೆ ಅರ್ಧ ತಾಸಿನ ಬೆಳಕು ಉಳಿಯುತ್ತಿತ್ತು. ಅಷ್ಟು ಮಾತ್ರ ವೈನಿಯದು. ಹಿತ್ತಲು ಹತ್ತು ಹೆಜ್ಜೆ, ಮೂಲೆಯಲ್ಲಿ ಎಮ್ಮೆ. ಪೂರ್ತಿ ಕೈ ಬೀಸಿದರೆ ತಟ್ಟೆ ಗೋಡೆ ದಾಟುತ್ತಿತ್ತು. ಅವರು ಅರ್ಧ ಕೈ ಬೀಸುವುದನ್ನು ಕಲಿತರು. ಗೋಡೆಯ ಈಚೆ ನನಗೆ ಝಲ್ ಎಂದು ಕೇಳಿಸುತ್ತಿತ್ತು.

ಒಂದು ಸಂಜೆ ಅತ್ತೆ ಬೇಗ ಮರಳಿದರು. ತಲಬಾಗಿಲಲ್ಲೇ ಸದ್ದು ಕೇಳಿ, “ಎಮ್ಮಿ ಕಿತ್ಗೊಂಡೈತಿ, ಬರ್ರೆಪಾ ಯಾರರ,” ಎಂದು ಓಣಿಗೆ ಕೂಗಿದರು. ಬಡಿಗೆ ಹಿಡಿದ ನಾಲ್ವರು ಹಿತ್ತಲಿಗೆ ನುಗ್ಗಿದರು, ನಾನೂ ಓಡಿದೆ. ಎಮ್ಮೆ ಮೆಲುಕು ಹಾಕುತ್ತ ಮಲಗಿತ್ತು. ವೈನಿ ಸೆರಗು ಸಿಕ್ಕಿಸಿ, ತಟ್ಟೆ ಹಿಡಿದ ಕೈಯನ್ನು ಹಿಂದಕ್ಕೆಳೆದು ನಿಂತಿದ್ದರು.

“ಎಮ್ಮಿ ಕಟ್ಟೇ ಐತ್ರಿ,” ಎಂದರು.

“ಕಾಣಾಕತ್ತೈತಿ,” ಎಂದರು ಅತ್ತೆ.

ಮರುದಿನ ಬುಟ್ಟಿಯಲ್ಲಿ ಸಗಣಿಯ ಕುಳ್ಳು ತುಂಬಿತ್ತು. ಸರಪಳಿ ಹಿತ್ತಲ ಬಾಗಿಲಿಗೆ ಹೋಯಿತು; ಅದಕ್ಕೊಂದು ಬೀಗ, ಕೀಲಿಕೈ ಅತ್ತೆಯ ಸೊಂಟದಲ್ಲಿ. ಎಮ್ಮೆಯ ಹಾಲು ಹಿಂಡುವ ಹೊತ್ತಿಗೆ ಅವರೇ ತೆಗೆದು ಅವರೇ ಹಾಕುತ್ತಿದ್ದರು. ಕೆಲವು ದಿನಗಳ ಮೇಲೆ ಕಿಟಕಿಯಲ್ಲಿ ಸಿಕ್ಕ ವೈನಿ ಒಂದೇ ಮಾತು ಹೇಳಿದರು: “ಅವತ್ತ ಸಾಲಾಗಿ ಆರು ಸಲ ಬುಟ್ಟ್ಯಾಗ ಬಿದ್ದಿತ್ತು ಅಕ್ಕೋರ.” ಬೇಸಿಗೆಗೆ ನನಗೆ ಹುಕ್ಕೇರಿಗೆ ವರ್ಗವಾಯಿತು.

ಹೋದ ವರ್ಷ ವೈನಿ ತೀರಿಕೊಂಡರೆಂದು ಯಾರೋ ಹೇಳಿದರು. ಮೊನ್ನೆ ಅಂಗಡಿಯವ ಸರಪಳಿ ಕತ್ತರಿಸುವಾಗ ನನ್ನದೇ ದನಿ ಕೇಳಿದಂತಾಯಿತು: “ಸರಪಳೀನ ತಗೋರಿ ವೈನಿ, ತಾಟ ನಿಲ್ಲತೈತಿ.” ಅಂದು ಆಡಿದ ಮಾತೋ, ಈಗ ಕಟ್ಟಿಕೊಂಡದ್ದೋ... ಕೇಳೋಣವೆಂದರೆ ಅವರಿಲ್ಲ. ಸರಪಳಿ ಆರಿಸಿದ್ದು ಯಾರೆಂದು ನನಗೆ ಗೊತ್ತಿಲ್ಲ.